ಕಿತ್ತ ಹಸಿರು ವೈರು

ಮೆಟ್ರಿ ಊರಿನ ಎರ್ರಿಯಪ್ಪ ಮೂವತ್ತು ವರ್ಷದಿಂದ ಸೌಂಡ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಕಂಪ್ಲಿ ಸುತ್ತಮುತ್ತ ಎಲ್ಲಿ ಕರೆದರೂ ಹೋಗುತ್ತಾನೆ. ಎಮ್ಮಿಗನೂರಿನವರು ಕರೆದರೆ ಮಾತ್ರ ಏಳು ವರ್ಷದಿಂದ ಏನಾದರೂ ನೆಪ ಹೇಳುತ್ತಿದ್ದ. ಈ ಶ್ರಾವಣದಲ್ಲಿ ನೆಪ ಹೊಳೆಯಲಿಲ್ಲ. ಕರೆದವಳು ಮೂಕಣ್ಣನ ಮಗಳು ಗಂಗಾಂಬಿಕಾ.

ಮೂಕಣ್ಣ ಅವನ ಗೆಳೆಯನಾಗಿದ್ದ. ಎಮ್ಮಿಗನೂರಿನ ಭಜನೆಯ ಮುಖ್ಯ ದನಿ. ಏಳು ವರ್ಷದ ಹಿಂದೆ ಅಲ್ಲಿನ ಮಠದ ಅಂಗಳದಲ್ಲಿ, ಬೆಳಗಿನ ಭಜನೆಗೆ ಮುಂಚೆ, ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಅನೇಕ ಸೆಟ್ಟಿನವರು ಮಾಡುವುದನ್ನೇ ಎರ್ರಿಯಪ್ಪನೂ ಮಾಡಿದ. ಪ್ಲಗ್ ಬಿಚ್ಚಿ, ಅರ್ತಿನ ಹಸಿರು ವೈರು ಕಿತ್ತ. ಸದ್ದು ನಿಂತಿತು. ಒಳಗೊಂದು ತಂತಿಯ ಸಿಪ್ಪೆ ಸುಲಿದು ಪೆಟ್ಟಿಗೆಯ ತಗಡಿಗೆ ತಾಗಿತ್ತು; ಆ ಕರೆಂಟನ್ನು ನೆಲಕ್ಕಿಳಿಸಬೇಕಿದ್ದ ವೈರೇ ಈಗ ಇರಲಿಲ್ಲ. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೂಕಣ್ಣ ಮೈಕ್ ಹಿಡಿದ. ಮೊದಲ ಸಾಲು ಅರ್ಧಕ್ಕೇ ನಿಂತಿತು, ಉಸಿರೂ.

ನೆಲ ಒದ್ದೆಯಿತ್ತು, ಅವನ ಹಣೆಬರಹ ಎಂದಿತು ಊರು. ಎರ್ರಿಯಪ್ಪ ಅಲ್ಲವೆನ್ನಲಿಲ್ಲ. ಯಾರಿಗೂ ಕಾಣದಂತೆ ವೈರು ಮತ್ತೆ ಜೋಡಿಸಿಟ್ಟ. ಅಂದಿನಿಂದ ಸ್ಪೀಕರ್ ಸುಮ್ಮನಾದಾಗೆಲ್ಲ ಆ ಅರ್ಧ ಸಾಲು ಕಿವಿಯ ಹಿಂದೆ ಕೇಳುತ್ತದೆ. ಅವನು ತಿರುಗಿ ನೋಡುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ.

ಈ ಸಲವೂ ಅದೇ ಅಂಗಳ, ಅದೇ ಗುಂಯ್.

“ಏನಲೇ ಎರ್ರಿ, ಪೆಟ್ಟಿಗಿಯಾಗ ಜೇನುಹುಳ ಸಾಕೀಯೇನು?” ತಾಳ ಬಡಿಯುವ ಹನುಮಣ್ಣ ನಕ್ಕ. “ಆ ಹಸಿರು ವೈರು ಕಿತ್ತು ಒಗಿ, ಜಲ್ದಿ ಆಕ್ಕತಿ.”

“ಅದೊಂದು ಬ್ಯಾಡ ಹನುಮಣ್ಣ. ಹಂಗ ಅನ್ನಬ್ಯಾಡ.”

ಎಲ್ಲವನ್ನೂ ಆಫ್ ಮಾಡಿ ವೈರುಗಳ ಜಾಡು ಹಿಡಿದು ನಡೆದ. ಕೀಬೋರ್ಡಿನ ಪ್ಲಗ್ ಪಕ್ಕದ ಮನೆಯ ಬೋರ್ಡಿನಲ್ಲಿತ್ತು. ಎರಡು ಕಡೆಯ ಅರ್ತ್ ಬೇರೆಬೇರೆಯಾದರೆ ಗುಂಯ್ ಹುಟ್ಟುತ್ತದೆ. ಅದನ್ನೂ ಆಂಪ್ಲಿಫೈಯರನ್ನೂ ಒಂದೇ ಬೋರ್ಡಿಗೆ ತಂದ. ಮೈಕಿನ ವೈರನ್ನು ಕರೆಂಟಿನ ವೈರಿನಿಂದ ದೂರ ಸರಿಸಿದ. ಮತ್ತೆ ಆನ್ ಮಾಡಿದಾಗ ಸದ್ದು ಸಣ್ಣಗಾಗಿತ್ತು. ಉಳಿದಷ್ಟು ಉಳಿಯಲಿ ಎಂದುಕೊಂಡ. ಮೈಕಿಗೆ ಟೆಸ್ಟರ್ ಹಿಡಿದ. ಅದರ ದೀಪ ಹತ್ತಲಿಲ್ಲ; ಮೈಕಿಗೆ ಕರೆಂಟು ಹರಿದಿರಲಿಲ್ಲ. ಆದರೂ ಎರಡನೇ ಸಲ ಹಿಡಿದ, ಮೂರನೇ ಸಲವೂ ಹಿಡಿದ.

ಈಗ ಅಪ್ಪನ ಜಾಗದಲ್ಲಿ ಹಾಡಬೇಕಿದ್ದ ಗಂಗಾಂಬಿಕಾ ಕೈ ಚಾಚಿದಳು. ಅವನ ಕೈ ಮೈಕ್ ಬಿಡಲಿಲ್ಲ.

“ಕೊಡ್ರಿ ಮಾವ. ನೀವಾ ಹಾಡ್ತೀರೇನು?”

“ಗಂಗವ್ವ, ಅವತ್ತು ಅದನ್ನ ಕಿತ್ತಾಂವ ನಾನಾ.”

ಯಾವುದನ್ನು ಎಂದು ಅವಳು ಕೇಳಿದಳು. ಅವನು ಹಸಿರು ವೈರು ತೋರಿಸಿ, ನಡೆದದ್ದನ್ನೆಲ್ಲ ಹೇಳಿದ.

“ಅವತ್ತು ಅಂಗಳ ತೊಳದಾಕಿ ನಮ್ಮವ್ವ,” ಎಂದಳು ಗಂಗಾಂಬಿಕಾ. “ನಾನಾ ನೀರು ಹಾಕಿ ಕೊಂದೆ ಅಂತಾಳ. ಏಳು ವರ್ಷ ಆತು, ಮಠದ ಕಡೆ ಮಾರಿ ಹಾಕಿಲ್ಲ. ಗೊತ್ತೇನ್ರಿ ನಿಮಗ?”

ಅವನಿಗೆ ಗೊತ್ತಿರಲಿಲ್ಲ.

“ನನಗ ಹೇಳಿದ್ದು ಸಾಲಂಗಿಲ್ಲ. ನಡೀರಿ ಮನಿಗೆ.”

“ಲೇ, ಭಜನಿ!” ಎಂದು ಹನುಮಣ್ಣ ಕೂಗಿದ. ಎರ್ರಿಯಪ್ಪ ಸ್ವಿಚ್ ಆಫ್ ಮಾಡಿ ಅವಳ ಹಿಂದೆ ಹೊರಟ. ಮನೆಯ ಬಾಗಿಲು ತೆರೆದಿತ್ತು. ಅವಳ ತಾಯಿ ಜಂಬಮ್ಮ ನಡುಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ತಲೆಯೆತ್ತಿ ಅವನನ್ನು ಕಂಡು, ಮೊರ ಬದಿಗಿಟ್ಟು, “ಬರ್ರಿ ಅಣ್ಣ, ಕುಂದ್ರಿ” ಎಂದಳು.

ಅವನು ಕೂರಲಿಲ್ಲ; ನಿಂತೇ ಹೇಳತೊಡಗಿದ.