ಇಂಟರ್‌ವ್ಯೂ ದಿನ ರೇಣುಕಾಳನ್ನು ನಾನು ಹೊರಗೆ ಕರೆದೆ

ಕೊರೋನಾ ಮುಗಿದ ಎರಡನೆಯ ವರ್ಷ. ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಜಪಾನಿ ಭಾಷಾ ಶಾಲೆಯಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಹುದ್ದೆಯ ಹೆಸರಷ್ಟೇ ದೊಡ್ಡದು. ಎರಡು ಮಹಡಿ, ನಾಲ್ಕು ತರಗತಿ, ಆರು ಟಾಯ್ಲೆಟ್, ನನ್ನ ಕೈಕೆಳಗೆ ಇಬ್ಬರು ಹೆಂಗಸರು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ನಾನೇ ಪೊರಕೆ ಹಿಡಿದಿದ್ದೆ.

ಇಬ್ಬರಲ್ಲಿ ಒಬ್ಬಳು ಮಲ್ಲವ್ವ. ಕಲಬುರಗಿ ಕಡೆಯವಳು, ಚಂದಾಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದಳು. ಅವಳ ಮಗಳು ರೇಣುಕಾ ಡಿಗ್ರಿ ಮುಗಿಸಿ ಅದೇ ಶಾಲೆಯಲ್ಲಿ ಜಪಾನಿ ಕಲಿಯುತ್ತಿದ್ದಳು. ಇವರು ತಾಯಿ ಮಗಳೆಂಬುದು ನನಗೂ ಪ್ರಿನ್ಸಿಪಾಲರಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಬೇರೆ ಬೇರೆ ಬಸ್ಸಿನಲ್ಲಿ ಬರುತ್ತಿದ್ದರು. ತಾಯಿ ಪ್ಯಾಸೇಜ್ ಒರೆಸುವಾಗ ಮಗಳು ಉಳಿದವರ ಜೊತೆ ನಿಂತು ನೆಲ ಒಣಗುವುದನ್ನು ಕಾಯುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ.

"ಹೊಟ್ಟೇಲಿ ಹುಟ್ಟಿದೋಳನ್ನ ಗೊತ್ತೇ ಇಲ್ಲ ಅನ್ನೋ ಥರ ಇರ್ತೀಯಲ್ಲೇ, ನಾಚಿಕೆ ಆಗಲ್ವಾ?" ಎಂದು ಒಮ್ಮೆ ಮಲ್ಲವ್ವನನ್ನು ಬೈದೆ.

"ಆಗ್ತದ್ರಿ ಅಕ್ಕಾರ. ಆಕಿಗೆ ನೌಕರಿ ಸಿಕ್ಕು ಜಪಾನಕ್ಕ ಹೋದ್ಲಂದ್ರ ಆಗಂಗಿಲ್ಲ" ಎಂದಳು.

ನೌಕರಿ ಅಂದರೆ, ಕೋರ್ಸಿನ ಕೊನೆಯಲ್ಲಿ ಜಪಾನಿನ ಒಂದು ಹೋಟೆಲ್ ಕಂಪನಿಯವರು ಬಂದು ಇಂಟರ್‌ವ್ಯೂ ಮಾಡಿ ಜನರನ್ನು ಆರಿಸಿಕೊಂಡು ಹೋಗುತ್ತಿದ್ದರು. ಮಲ್ಲವ್ವ ಆ ದಿನಕ್ಕಾಗಿಯೇ ಕಾಯುತ್ತಿದ್ದಳು. ಅದಕ್ಕೂ ಮೊದಲು, ಮಾರ್ಕ್ಸ್ ಹೆಚ್ಚು ತೆಗೆದ ಇಬ್ಬರನ್ನು ನಾಲ್ಕು ವಾರ ಅಲ್ಲಿಯ ಶಾಲೆಗೆ ಕಳಿಸುವ ಪದ್ಧತಿಯಿತ್ತು. ಭಾಷೆಯನ್ನು ಅದನ್ನಾಡುವವರ ಬಾಯಿಂದಲೇ ಕಲಿಯಬೇಕು, ಅವರ ಮನೆಯಲ್ಲೇ ಇದ್ದು ರೀತಿನೀತಿ ನೋಡಬೇಕು. ಆ ವರ್ಷ ಇಬ್ಬರಲ್ಲಿ ರೇಣುಕಾ ಒಬ್ಬಳು.

ವಾಪಸ್ ಬಂದ ಮೇಲೆ ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು ಎಲ್ಲ ಹೇಳಿದಳು. ನನ್ನನ್ನು ಅವಳು ಅಜ್ಜಿ ಎಂದೇ ಕರೆಯುತ್ತಿದ್ದಳು. ಮೊದಲ ವಾರ ಅವರ ಮಾತಿನ ಓಟಕ್ಕೆ ಅರ್ಧವೂ ತಿಳಿಯಲಿಲ್ಲವಂತೆ. ಇದ್ದ ಮನೆಯ ಮುದುಕಿ ಇವಳು ತಪ್ಪಾಗಿ ಹೇಳಿದ ಮಾತನ್ನೇ ತಿದ್ದಿ, ಮೆಲ್ಲಗೆ ಎರಡು ಸಲ ಹೇಳುತ್ತಿದ್ದಳಂತೆ. ಟಾಯ್ಲೆಟ್ಟಿಗೆ ಬೇರೆಯೇ ಚಪ್ಪಲಿ. ಅದನ್ನು ಮೆಟ್ಟಿಕೊಂಡೇ ಊಟದ ಕೋಣೆಗೆ ಬಂದುಬಿಟ್ಟಿದ್ದಳಂತೆ, ಮುದುಕಿ ಬಿದ್ದು ಬಿದ್ದು ನಕ್ಕಳಂತೆ.

"ಅಜ್ಜಿ, ಅಲ್ಲಿ ಶಾಲ್ಯಾಗ ದಿನಾ ಕಾಲು ತಾಸು ಎಲ್ಲಾರೂ ಕೂಡಿ ಕಸ ಹೊಡೀತಾರ. ಟಾಯ್ಲೆಟ್ಟೂ ತೊಳೀತಾರ. ಹೆಡ್‌ಮಾಸ್ತರು ಮೊಣಕಾಲೂರಿ ನೆಲ ವರಸ್ತಿದ್ರು. ನಿಮ್ಮವ್ವ ಏನು ಕೆಲಸ ಮಾಡ್ತಾಳ ಅಂತ ಕೇಳಿದ್ರು, ಇದ್ದದ್ದು ಇದ್ದಂಗ ಹೇಳಿಬಿಟ್ಟೆ. ಯಾರೂ ನಗಲಿಲ್ಲ."

ಇದನ್ನೇ ಅವಳು ತರಗತಿಯ ಮುಂದೆ ಫೋಟೋ ತೋರಿಸಿ ಹೇಳಿದಳು, ತಾಯಿಯ ವಿಷಯ ಮಾತ್ರ ಬಿಟ್ಟು. ಪ್ರಿನ್ಸಿಪಾಲರಿಗೆ ಬಹಳ ಹಿಡಿಸಿತು. ಪ್ರತಿ ಶನಿವಾರ ಇಲ್ಲಿಯೂ ವಿದ್ಯಾರ್ಥಿಗಳೇ ಶುಚಿ ಮಾಡಬೇಕು, ಕಲಿಸುವುದು ನಾನು ಎಂದು ಆದೇಶವಾಯಿತು.

ಮೊದಲ ಶನಿವಾರ ಹದಿನೆಂಟು ಜನರನ್ನೂ ಸಾಲಾಗಿ ನಿಲ್ಲಿಸಿ ಮಾಪ್ ಹಿಂಡುವುದು, ಬ್ರಷ್ ಹಿಡಿಯುವುದು ತೋರಿಸಿದೆ. ಅರ್ಧ ಜನ ಸೆಲ್ಫಿಯಲ್ಲೇ ಇದ್ದರು. ರೇಣುಕಾ ಮಾಪನ್ನು ಒಂದೇ ತಿರುವಿಗೆ ಹಿಂಡಿದಳು.

"ಏನ್ ಗುರು ಇವ್ಳು, ಫುಲ್ ಪ್ರೊಫೆಷನಲ್!" ಎಂದ ಒಬ್ಬ ಹುಡುಗ.

"ನಮ್ಮವ್ವ ಕಲಿಸಿದ್ದು. ಅಲ್ಲಿ ನಿಂತಾಳ ನೋಡು, ಆಕಿನ ನಮ್ಮವ್ವ" ಎಂದು ರೇಣುಕಾ ಮಲ್ಲವ್ವನ ಕಡೆ ಕೈ ತೋರಿಸಿದಳು.

ಮಲ್ಲವ್ವ ಬಕೆಟ್ ಅಲ್ಲೇ ಬಿಟ್ಟು ಒಳಗೆ ಹೋದಳು. ಹುಡುಗ ಸಾರಿ ಎಂದ. ಆದರೆ ಮುಂದಿನ ಶನಿವಾರದಿಂದ ಟಾಯ್ಲೆಟ್ಟಿನ ಸರದಿ ಬಂದವರೆಲ್ಲ "ರೇಣು, ನಿಂಗೆ ಗೊತ್ತಲ್ವಾ, ಒಂಚೂರು ನೋಡ್ಕೊಳೇ" ಎಂದು ಜಾರಿಕೊಂಡರು. ಅವಳು ಮಾಡಿದಳು. ನಾನು ನೋಡಿಯೂ ಸುಮ್ಮನಿದ್ದೆ, ಕೆಲಸ ಚೆನ್ನಾಗಿ ಆಗುತ್ತಿತ್ತು. ನಾಲ್ಕು ಶನಿವಾರ ಕಳೆಯುವಷ್ಟರಲ್ಲಿ ತಂದೆತಾಯಿಗಳ ಫೋನು ಬಂದವು, ನಮ್ಮ ಮಕ್ಕಳನ್ನು ಕಕ್ಕಸು ತೊಳೆಯುವುದಕ್ಕೆ ಕಳಿಸಿದ್ದೇವೆಯೇ ಎಂದು. ಶನಿವಾರದ ಶುಚಿ ನಿಂತಿತು.

ಇಂಟರ್‌ವ್ಯೂ ದಿನ ಮಲ್ಲವ್ವ ಜ್ವರದಿಂದ ಮಲಗಿದ್ದಳು. ಇನ್ನೊಬ್ಬಳು ಊರಿಗೆ ಹೋಗಿದ್ದಳು. ಹೋಟೆಲ್ ಕಂಪನಿಯ ಅತಿಥಿಗಳ ಕಾರು ಸಿಲ್ಕ್ ಬೋರ್ಡ್ ದಾಟಿದೆ, ಇನ್ನರ್ಧ ಗಂಟೆಯಲ್ಲಿ ಬರುತ್ತಾರೆ ಎಂದು ಪ್ರಿನ್ಸಿಪಾಲರು ಹೇಳಿ ಹೋದರು. ನೋಡಿದರೆ ಅತಿಥಿಗಳ ಟಾಯ್ಲೆಟ್ ಕಟ್ಟಿಕೊಂಡು ನೀರು ಹೊರಗೆ ಬಂದಿದೆ. ನಾನೇ ತೊಳೆಯಬಹುದಿತ್ತು. ಸೂಪರ್‌ವೈಸರ್ ಆದ ಮೇಲೆ ನಾನು ಬ್ರಷ್ ಮುಟ್ಟಿರಲಿಲ್ಲ, ಆವತ್ತೂ ಮುಟ್ಟಲಿಲ್ಲ. ತರಗತಿಯ ಬಾಗಿಲಿಗೆ ಹೋದೆ. ಎಲ್ಲರೂ ಬಿಳಿ ಶರ್ಟು ಹಾಕಿಕೊಂಡು ತಮ್ಮ ಪರಿಚಯ ಹೇಳುವುದನ್ನು ಬಾಯಿಪಾಠ ಮಾಡುತ್ತಿದ್ದರು.

"ರೇಣುಕಾ, ಬಾರೇ ಇಲ್ಲಿ. ನಿಮ್ಮಮ್ಮ ಬಂದಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳು ಎದ್ದು ಬಂದಳು. ತೋಳು ಮಡಚಿ ಕೆಲಸ ಶುರು ಮಾಡಿದಳು. ಕೊಳಚೆ ನೀರು ಶರ್ಟಿಗೆ ಸಿಡಿಯಿತು.

"ಅಜ್ಜಿ, ಇವತ್ತೊಂದಿನ ಬ್ಯಾರೆ ಯಾರನ್ನರ ಕರೀಬಹುದಿತ್ತಲ್ಲ?"

"ಬೇರೆ ಯಾರಿಗೆ ಬರುತ್ತೆ ಹೇಳು?" ಎಂದೆ.

ಅವಳು ಮತ್ತೆ ಬ್ರಷ್ ಹಿಡಿದಳು. ಪೂರ್ತಿ ತೊಳೆದಳು, ಫಿನಾಯಿಲ್ ಹಾಕಿದಳು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡಳು. ತರಗತಿಗೆ ಹೋದಳೆಂದುಕೊಂಡೆ. ಅವಳ ಹೆಸರು ಕೂಗಿದಾಗ ಅವಳಿರಲಿಲ್ಲ. ಗೇಟಿನ ವಾಚ್‌ಮನ್ನನ್ನು ಕೇಳಿದರೆ, ಆಗಲೇ ಬಸ್ಸು ಹತ್ತಿದಳು ಎಂದ.

ಮಾರನೆಯ ದಿನ ಚಂದಾಪುರಕ್ಕೆ ಹೋದೆ. ಮಲ್ಲವ್ವ ಜ್ವರದಲ್ಲೇ ಎದ್ದು ಕುಳಿತಳು. ರೇಣುಕಾ ಗೋಡೆ ಕಡೆ ತಿರುಗಿ ಮಲಗಿದ್ದಳು, ನಾನು ಕರೆದರೂ ತಿರುಗಲಿಲ್ಲ.

"ಅಲ್ಲಿ ಎಲ್ಲಾರ ಜೋಡಿ ತೊಳದ್ಲು ಅಕ್ಕಾರ, ಖುಷೀಲೆ ತೊಳದ್ಲು. ಇಲ್ಲಿ ನೀವು ಆಕಿ ಒಬ್ಬಾಕಿನ್ನ ಕರದ್ರಿ" ಎಂದಳು ಮಲ್ಲವ್ವ. ಚಹಾ ಬೇಕೇ ಎಂದೂ ಕೇಳಲಿಲ್ಲ.

ರೇಣುಕಾಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಆಯ್ಕೆ ಪಟ್ಟಿ ಹೋಗಿಬಿಟ್ಟಿದೆ ಎಂದರು. ಮಲ್ಲವ್ವ ಕೆಲಸಕ್ಕೆ ಮತ್ತೆ ಬರಲಿಲ್ಲ. ರೇಣುಕಾ ಈಗ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆಂದು ಕೇಳಿದ್ದೇನೆ. ಜಪಾನಿ ಮಾತು ನೆನಪಿದೆಯೋ ಇಲ್ಲವೋ ಗೊತ್ತಿಲ್ಲ.

ಕೆಲಸ ಬಲ್ಲವರನ್ನು ಕರೆದೆ, ಅದರಲ್ಲೇನು ತಪ್ಪು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬ್ರಷ್ ಹಿಡಿಯುವುದನ್ನು ಆ ಹದಿನೆಂಟು ಜನರಿಗೂ ನಾನೇ ಕಲಿಸಿದ್ದೆ. ಬಾಗಿಲಲ್ಲಿ ನಿಂತಾಗ ಮಿಕ್ಕ ಹದಿನೇಳು ಜನರ ಕಡೆ ನನ್ನ ಕಣ್ಣು ಹೋಗಲೇ ಇಲ್ಲ.