ಹೆಂಚಿಗೆ ಸೋತ ಬಂದೂಕು

ಒಂಬತ್ತನೇ ತರಗತಿಗೆ ಬಲದ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಬೆನ್ನಿಗೆ ಬಾಣಲೆ ಕಟ್ಕಂಡ್ರೆ ಗುಂಡು ತಾಕಲ್ವಂತೆ, ನಿಜವಾ?" ಎಂದು ಕೇಳಿದಳು. ಯಾವುದೋ ಮೊಬೈಲ್ ಆಟದಲ್ಲಿ ಹಾಗಾಗುತ್ತದಂತೆ. ಆ ಆಟ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ತೆಳು ಅಲ್ಯೂಮಿನಿಯಂ ಆದರೆ ತೂತು ಬೀಳುತ್ತದೆ, ಎರಕದ ಕಬ್ಬಿಣವಾದರೆ ಒಡೆದು ಆ ಚೂರುಗಳೇ ಬೆನ್ನಿಗೆ ನಾಟುತ್ತವೆ, ಕೂತ್ಕೋ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಸುಮ್ಮನಿರುವ ಪೈಕಿಯದಲ್ಲ. ಸಂಜೆ ಬಡವನಹಳ್ಳಿಯ ಶಾಲೆಯಿಂದ ಮನೆಗೆ ಬಂದವಳೇ ಕಾಫಿ ಕುಡಿಯುತ್ತ ಅದನ್ನೇ ಅತ್ತೆ ಮಾವನ ಮುಂದೆ ಹೇಳಿದೆ.

ನಮ್ಮ ಮನೆಯಲ್ಲಿ ಬಂದೂಕೂ ಇದೆ, ಎರಕದ ದೋಸೆ ಹೆಂಚೂ ಇದೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಬಂದೂಕು ಮಾವನದು. ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತವೆಂದು ಅವರಪ್ಪನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ನಳಿಕೆಯ ಬಾಯಿಂದ ಮದ್ದು ಸುರಿದು, ಸೀಸದ ಕಾಳು ತುಂಬಿ, ಸಲಾಕೆಯಿಂದ ಜಡಿಯಬೇಕು. ಲಿಂಗ ಕಟ್ಟಿದ ಮನೆಯಾದ್ದರಿಂದ ಅದರಿಂದ ಒಂದು ಜೀವವೂ ಹೋಗಿಲ್ಲ. ಮಾವ ಆಕಾಶಕ್ಕೆ ಹೊಡೆಯುತ್ತಿದ್ದರು, ಹಂದಿಗಳು ಸದ್ದು ಕೇಳಿ ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಷ್ಟೂ ದಿನ ಮಾವ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಮಂಕಾಗಿ ಕೂತಿರುತ್ತಿದ್ದರು. ಅತ್ತೆಯ ಮುಖದಲ್ಲಿ ಮಾತ್ರ ಹಬ್ಬದ ಕಳೆ.

ಹೆಂಚು ಅತ್ತೆಯದು. ಗೊರವನಹಳ್ಳಿ ಹತ್ತಿರದ ತವರಿನಿಂದ ಬಂದದ್ದು, ಅವರವ್ವ ದೋಸೆ ಹುಯ್ದು ಹುಯ್ದು ಪಳಗಿಸಿದ್ದು. ಮದುವೆಯಾಗಿ ಬಂದ ಮೊದಲ ವಾರ ನಾನು ಅದಕ್ಕೆ ಸೋಪು ಹಾಕಿ, ಸ್ಟೀಲ್ ನಾರಿನಿಂದ ಗಸಗಸ ಉಜ್ಜಿ, ಹೊಗಳುತ್ತಾರೆಂದು ಕಾಯುತ್ತ ನಿಂತಿದ್ದೆ. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಒಂದು ತಿಂಗಳು ದೋಸೆ ಮೇಲೇಳಲಿಲ್ಲ. ಈರುಳ್ಳಿ ಉಜ್ಜಿ ಎಣ್ಣೆ ಸವರಿ ಹೆಂಚು ಮತ್ತೆ ಪಳಗುವ ಹೊತ್ತಿಗೆ ನಾನೂ ಪಳಗಿದ್ದೆ.

"ನನ್ ಹೆಂಚು ಒಡದೋಯ್ತದೆ ಅಂದ್ಯಾ?" ಎಂದರು ಅತ್ತೆ.

"ಒಂದೇ ಏಟಿಗೆ ಎಲ್ಡು ಹೋಳು," ಎಂದರು ಮಾವ ನನ್ನ ಪರವಾಗಿ.

"ನಿಮ್ ಬಂದೂಕ ಇವತ್ತಿನವರ್ಗೂ ಒಂದ್ ಓತಿಕ್ಯಾತಂಗೂ ತಾಕಿಲ್ಲ. ತಾಕಿದ್ದು ನಮ್ಮನೆ ನೀರಿನ್ ಡ್ರಮ್ಮಿಗೆ."

ಅದು ಹೋದ ವರ್ಷದ ಸಂಗತಿ. ಆಕಾಶಕ್ಕೆ ಹೋಗಬೇಕಾದ ಏಟು ಹೊಲದಂಚಿನ ಡ್ರಮ್ಮನ್ನು ಜರಡಿ ಮಾಡಿತ್ತು. ಡ್ರಮ್ಮಿನಿಂದ ಎರಡು ಮಾರು ದೂರದಲ್ಲಿ ಅತ್ತೆ ಕಳೆ ಕೀಳುತ್ತ ಕೂತಿದ್ದರು. ಅಂದಿನಿಂದ ಬಂದೂಕನ್ನು ಠಾಣೆಗೆ ಒಪ್ಪಿಸಿಬಿಡಿ ಎಂದು ಅತ್ತೆ, ಒಪ್ಪಿಸಲ್ಲ ಎಂದು ಮಾವ, ದಿನಾ ಜಗಳ.

"ಆಯ್ತು, ನೋಡೇ ಬುಡಾನ," ಎಂದರು ಅತ್ತೆ. "ಹೆಂಚು ತಡದ್ರೆ ಬಂದೂಕ ಠಾಣೆಗೆ ಕೊಟ್ಬುಡಿ. ಒಡದ್ರೆ ಇನ್ ಮ್ಯಾಕೆ ನಾನು ಉಸಿರೆತ್ತಲ್ಲ."

ಅವರವ್ವನ ನೆನಪಿಗೆ ಉಳಿದಿದ್ದುದು ಆ ಹೆಂಚೊಂದೇ. ಬೇಡವೆಂದು ಗೋಗರೆದೆ, ಪಾಠದ ಮಾತು ವಾಪಸ್ ತೆಗೆದುಕೊಂಡೆ, ಯಾರೂ ಕಿವಿಗೊಡಲಿಲ್ಲ. ನನ್ನ ಗಂಡ, "ಹಚ್ಚಿದೋಳು ನೀನು, ಆರಿಸು," ಎಂದು ಸಿರಾಕ್ಕೆ ಹೊರಟುಹೋದ.

ಆಯುಧಪೂಜೆಯ ಮರುದಿನ ಬೆಳಿಗ್ಗೆ ಹೆಂಚನ್ನು ಹೊಂಗೆ ಮರಕ್ಕೆ ನೇತುಹಾಕಿದೆವು. ಹಿಂದಿನ ದಿನ ಬಂದೂಕಿನ ಪಕ್ಕದಲ್ಲೇ ಪೂಜೆ ಮಾಡಿಸಿಕೊಂಡಿದ್ದ ಅದರ ಮೇಲೆ ಮೂರು ಗೆರೆ ವಿಭೂತಿ ಹಾಗೇ ಇತ್ತು. ಈ ಮನೆಯಲ್ಲಿ ಮೊದಲ ವಿಭೂತಿ ಬಂದೂಕಿಗೋ ಹೆಂಚಿಗೋ ಎಂಬುದಕ್ಕೂ ಪ್ರತಿ ವರ್ಷ ವ್ಯಾಜ್ಯ. ನಾನು ವಿಜ್ಞಾನದ ಟೀಚರಾದ ತಪ್ಪಿಗೆ ಹೆಜ್ಜೆ ಅಳೆದು, ಎಲ್ಲರನ್ನೂ ಮಾವನ ಹಿಂದೆ ನಿಲ್ಲಿಸಿದೆ. ಮಾವ ಕಡಲೆಕಾಯಿ ಚೀಲದ ಮೇಲೆ ನಳಿಕೆ ಒರಗಿಸುವ ಮೊದಲು ಹಿತ್ತಾಳೆಯ ಅಳತೆ ಬಟ್ಟಲಿಗೆ ಮದ್ದು ಸುರಿದರು. ಯಾವಾಗಲೂ ತುಂಬಿದ ಬಟ್ಟಲು. ಅಂದು ಬಟ್ಟಲ ತಳ ಮುಚ್ಚುವಷ್ಟೇ. ಕೈ ನಡುಗಿ ಚೆಲ್ಲಿತೇನೋ ಎಂದು ನೆಲ ನೋಡಿದೆ. ಒಂದು ಹರಳೂ ಬಿದ್ದಿರಲಿಲ್ಲ. ಮಾವ ಡಬ್ಬಿಯ ಮುಚ್ಚಳ ಬಿಗಿಯಾಗಿ ಮುಚ್ಚಿದರು.

ಢಂ ಎನ್ನಬೇಕಾದದ್ದು ಬುಸ್ ಎಂದಿತು. ಸೀಸದ ಕಾಳುಗಳು ಒಗ್ಗರಣೆಯ ಸಾಸಿವೆಯಂತೆ ಹೆಂಚಿನ ಮೇಲೆ ಚಟಪಟ ಎಂದು ಕೆಳಗೆ ಉದುರಿದವು. ಅತ್ತೆ ಓಡಿಹೋಗಿ ಹೆಂಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ ಎದೆಗೆ ಅವುಚಿಕೊಂಡರು. ಮಧ್ಯಾಹ್ನದೊಳಗೆ ಇಡೀ ಬೀದಿಯ ಹೆಂಗಸರು ಅದನ್ನು ಮುಟ್ಟಿ ನೋಡಿ ಹೋದರು. ಪ್ರಯೋಗದಲ್ಲಿ ಉತ್ತರಕ್ಕೆ ತಕ್ಕಂತೆ ಅಳತೆ ಬರೆಯುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು ಅಂದು ತುಟಿ ಬಿಚ್ಚಲಿಲ್ಲ.

ಮಾರನೆಯ ದಿನ ಬಂದೂಕನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಠಾಣೆಗೆ ಹೋದೆ. "ಈಗ ಯಾವ ಎಲೆಕ್ಷನ್ ಯಜಮಾನ್ರೇ?" ಎಂದರು ಅಲ್ಲಿದ್ದ ಪೊಲೀಸರು. ಪೂರ್ತಿ ಒಪ್ಪಿಸಲು ಬಂದಿದ್ದೇವೆ ಎಂದಾಗ ಕಾರಣ ಕೇಳಿದರು. "ಹೆಂಚಿಗೆ ಸೋತೆ," ಎಂದರು ಮಾವ. ಅವರು ನಕ್ಕು ನಕ್ಕು, ಒಳಗಿನವರನ್ನೂ ಕರೆದು, ಮಾವನಿಂದ ಇನ್ನೊಂದು ಸಲ ಹೇಳಿಸಿ, ಟೀ ತರಿಸಿದರು.

ವಾಪಸ್ ಬರುವಾಗ ನನಗೆ ತಡೆಯಲಾಗಲಿಲ್ಲ. "ಮಾವ, ಮದ್ದು ಕಮ್ಮಿ ಹಾಕಿದ್ರಿ," ಎಂದೆ.

ಅವರು ಹಿಂದಿನಿಂದ ಹೇಳಿದರು: "ಕೈ ಹಿಡಿತಕ್ಕೆ ಸಿಗಲ್ಲ ಕಣಮ್ಮ ಈಗ. ಅವತ್ತು ಡ್ರಮ್ಮಿಗೆ ಬಿದ್ದಿದ್ದು ಅವ್ಳಿಗೆ ಬಿದ್ದಿದ್ರೆ? ಅದ್ನ ಅವ್ಳ್ ಮುಂದೆ ಹೆಂಗೆ ಬಾಯ್ ಬುಟ್ಟು ಹೇಳ್ಲಿ? ಹೆಂಚಿಗೆ ಸೋತೆ ಅಂದ್ರೆ ಜನ ನಗ್ತಾರೆ, ಅಷ್ಟೇಯ."

ನನಗೆ ಕಣ್ಣು ತುಂಬಿ ಬಂತು. ಹಿಂದೆ ಕೂತವರಿಗೆ ಕಾಣುವುದಿಲ್ಲವಲ್ಲ ಎಂದು ಸಮಾಧಾನವಾಯಿತು.

ಮನೆಗೆ ಬಂದಾಗ ಅತ್ತೆ ದೋಸೆ ಹುಯ್ಯುತ್ತಿದ್ದರು. ಮಾವ ನಡುಮನೆಯಲ್ಲಿ ಕೂತು ಠಾಣೆಯ ನಗುವನ್ನು ಎಲ್ಲರಿಗೂ ಕೇಳುವಂತೆ ಜೋರಾಗಿ ವರ್ಣಿಸುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ ಹೆಂಚಿನಿಂದ ದೋಸೆ ಎಬ್ಬಿಸಿ ತಟ್ಟೆಗೆ ಹಾಕಿ, ಬೆಣ್ಣೆಯನ್ನು ಎರಡು ಪಾಲು ಹಾಕಿ ನನ್ನ ಕೈಗೆ ಕೊಟ್ಟರು.

"ಬಟ್ಲಾಗೆ ಎಷ್ಟ್ ಮದ್ದಿತ್ತು ಅಂತ ನಾನೂ ನೋಡ್ದೆ," ಎಂದರು ಮೆಲ್ಲಗೆ. "ಅವ್ರಿಗೆ ಹೇಳ್ಬ್ಯಾಡ. ಬಿಸಿ ಆರೋಗೋದ್ರೊಳ್ಗೆ ಕೊಟ್ ಬಾ."