ಎರಡು ಈರುಳ್ಳಿ, ಏಳು ಜನ ನೆಂಟರು

ಎರಡು ಈರುಳ್ಳಿ, ಒಂದು ಲೋಟ ಕಡ್ಲೆಹಿಟ್ಟು, ಒಂದು ಹಿಡಿ ಅಕ್ಕಿಹಿಟ್ಟು, ಅರ್ಧ ಬಾಣಲೆ ಎಣ್ಣೆ. ಗುಬ್ಬಿಯ ನಮ್ಮ ಮನೆಯ ಮಾನ ಉಳಿಸಲು ಅಮ್ಮನಿಗೆ ತಗುಲಿದ ಖರ್ಚು ಇಷ್ಟೇ. ಇವತ್ತು ತುಮಕೂರಿನ ಮನೆಯಲ್ಲಿ ಮಗಳು ಆನಿಯನ್ ರಿಂಗ್ಸ್ ಕರಿಯುವ ವಾಸನೆಗೆ ಅದೆಲ್ಲ ನೆನಪಾಯಿತು.

ಅಪ್ಪನ ಕೆಲಸ ಹೋದದ್ದನ್ನು ನೆಂಟರಿಂದ ಮುಚ್ಚಿಟ್ಟಿದ್ದ ದಿನಗಳವು. ಕುಣಿಗಲ್ಲಿನಿಂದ ಅಪ್ಪನ ಅಕ್ಕ ಆರು ಜನರನ್ನು ಕಟ್ಟಿಕೊಂಡು ಬಂದಿಳಿದರು. ಅಮ್ಮ ಈರುಳ್ಳಿಯನ್ನು ತೆಳ್ಳಗೆ ಬಿಲ್ಲೆ ಕೊಯ್ದು, ಒಂದೊಂದು ಸುತ್ತನ್ನೂ ಬಿಡಿಸಿ, ಹಿಟ್ಟಿನಲ್ಲಿ ಅದ್ದಿ ಕರಿದಳು. ತಟ್ಟೆ ರಾಶಿಯಾಗಿ ತುಂಬಿತು.

"ಏನೇ ಗೌರಿ, ಬಳೆ ಅಂಗ್ಡಿ ಇಟ್ಟಿದೀಯಾ?" ಎಂದರು ಅತ್ತೆ.

"ದಪ್ಪ ಹಾಕಿದ್ರೆ ಮೆತ್ತಗಾಗ್ತವೆ ಕಣಕ್ಕ. ಹಿಂಗಾದ್ರೆ ಗರಿಗರಿ ಇರ್ತವೆ," ಎಂದಳು ಅಮ್ಮ, ಮುಖದ ಒಂದು ಗೆರೆಯೂ ಅಲುಗದಂತೆ.

ಅತ್ತೆ ಮಾಡುವ ಬಗೆ ಕೇಳಿಕೊಂಡು ಹೋದರು.

ಅಂದು ಅತ್ತೆಗೆ ಹೊಸ ರುಚಿ, ಅಪ್ಪನಿಗೆ ಮರ್ಯಾದೆ, ನನಗೆ ಬಾಣಲೆಯ ತಳದ ಪುಡಿ ದಕ್ಕಿತು. ಅಮ್ಮನಿಗೆ ಒಂದೂ ಉಳಿಯಲಿಲ್ಲ. ಇವತ್ತಿನ ಮೊದಲ ತಟ್ಟೆ, ಈಗ ನಮ್ಮ ಜೊತೆಗೇ ಇರುವ ಅಮ್ಮನದು.